ದುಡಿಯಲಾರದವನ ಪಾಲು

ಆಸ್ಟ್ರೇಲಿಯಾದಲ್ಲಿ ಗಾರೆಯ ಕೆಲಸದವನಿಂದ ಮೊದಲ್ಗೊಂಡು ಬ್ಯಾಂಕಿನ ಮೇಲಧಿಕಾರಿಯವರೆಗೆ ಸಂಬಳಕ್ಕೆ ದುಡಿಯುವ ಬಹುತೇಕ ಎಲ್ಲರ ಹೆಸರಿನಲ್ಲಿಯೂ ಒಂದು ನಿವೃತ್ತಿನಿಧಿ ಉಂಟು. ಅಲ್ಲಿಯ ಜನ ಅದನ್ನು ‘ಸೂಪರ್’ ಎನ್ನುತ್ತಾರೆ, ಸಿಡ್ನಿ ಮೆಲ್ಬರ್ನ್‌ಗಳಲ್ಲಿ ನೆಲೆಸಿದ ನಮ್ಮ ಕನ್ನಡಿಗರೂ ಹಾಗೆಯೇ ಎನ್ನುತ್ತಾರೆ. ವೃದ್ಧಾಪ್ಯಕ್ಕೆಂದು ಕೂಡುವ ಈ ಹಣದ ಮಗ್ಗುಲಲ್ಲಿಯೇ, ಸಾಮಾನ್ಯವಾಗಿ ಸದಸ್ಯನು ಕೇಳದಿದ್ದರೂ ಅವನ ಹೆಸರಿಗೆ ಬರೆಯಲ್ಪಟ್ಟು, ಅವನ ಖಾತೆಯಿಂದಲೇ ಕಂತು ಕಳೆಯಲ್ಪಡುವ ಅಸಾಮರ್ಥ್ಯದ ವಿಮೆಯೊಂದು ಇರುವುದನ್ನು, ಕ್ಯಾನ್ಸರೆಂಬ ಮಾತು ವೈದ್ಯನ ಬಾಯಿಂದ ಹೊರಟ ಮೇಲೆಯೇ ಅನೇಕರು ಅರಿಯುತ್ತಾರೆ. ಅರಿತು ಅರ್ಜಿ ಹಾಕಹೊರಟಾಗ ಎದುರಾಗುವ ತೊಡಕಿನ ಮೂಲವು ಇಂದಿನ ಯಾವ ಗುಮಾಸ್ತನ ಕಾಠಿನ್ಯದಲ್ಲಿಯೂ ಇಲ್ಲ. ಅದು ಆ ದೇಶವು ಅಸಾಮರ್ಥ್ಯವನ್ನು ಅಳೆಯಲು ಶತಮಾನಕ್ಕೂ ಹಿಂದೆ ಮಾಡಿಕೊಂಡ ಅಳತೆಗೋಲಿನಲ್ಲಿದೆ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಸರಕಾರವು ರೋಗಿಯ ಯೋಗಕ್ಷೇಮವನ್ನು ತನ್ನ ಕರ್ತವ್ಯವೆಂದು ಇನ್ನೂ ಎಣಿಸದಿದ್ದ ದಿನಗಳಲ್ಲಿ, ಇಂಗ್ಲೆಂಡಿನಿಂದ ವಲಸೆ ಬಂದ ಕುಶಲಕರ್ಮಿಗಳು ತಮ್ಮೊಡನೆ ಪರಸ್ಪರ ಸಹಾಯಸಂಘಗಳ ಪದ್ಧತಿಯನ್ನೂ ಹೊತ್ತು ತಂದರು. ಮ್ಯಾಂಚೆಸ್ಟರ್ ಯೂನಿಟಿಯ ಆಡ್‌ಫೆಲೋಗಳೆಂಬ ಸಂಘದವರು 1840ರಲ್ಲಿಯೇ ಮೆಲ್ಬರ್ನಿನಲ್ಲಿ ಶಾಖೆ ತೆರೆದರು. ವಾರವಾರವೂ ಕೆಲವು ಪೆನ್ಸುಗಳನ್ನು ಸಲ್ಲಿಸಿದ ಸದಸ್ಯನು ಹಾಸಿಗೆ ಹಿಡಿದರೆ ಸಂಘದ ವೈದ್ಯನು ನೋಡಿಹೋಗುವನು, ವಾರದ ಭತ್ಯವು ಮನೆಗೆ ಬರುವುದು, ಸಂಘದಿಂದ ನೇಮಕವಾದ ಸೋದರನೊಬ್ಬನು ಕುಶಲ ವಿಚಾರಿಸುವ ನೆವದಲ್ಲಿ ಕಾಯಿಲೆ ನಿಜವೋ ನಟನೆಯೋ ಎಂಬುದನ್ನೂ ಕಣ್ಣಾರೆ ಕಂಡುಹೋಗುವನು. ಕಾಯಿಲೆ ದೀರ್ಘವಾದಂತೆ ಭತ್ಯವು ಇಳಿಯುತ್ತಿತ್ತು. ಬೇಗ ಗುಣವಾಗುವ ಜ್ವರಕ್ಕೆ ಈ ಏರ್ಪಾಡು ತಕ್ಕುದಾಗಿತ್ತೇ ಹೊರತು ವರ್ಷಗಟ್ಟಲೆ ಕಾಡುವ ವ್ಯಾಧಿಗೆ ಅಲ್ಲ. 1849ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಆಸ್ಟ್ರೇಲಿಯನ್ ಮ್ಯೂಚುಯಲ್ ಪ್ರಾವಿಡೆಂಟ್ ಸೊಸೈಟಿಯು ಜೀವವಿಮೆಯನ್ನು ಮಧ್ಯಮವರ್ಗದ ಮನೆಗಳಿಗೆ ತಲುಪಿಸಿತು. 1862ರಲ್ಲಿ ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್ ತನ್ನ ಸಿಬ್ಬಂದಿಗೆ ನಿವೃತ್ತಿವೇತನದ ವ್ಯವಸ್ಥೆ ಮಾಡಿತು. ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ನಿವೃತ್ತಿನಿಧಿಯೆಂಬುದು ಬಿಳಿ ಅಂಗಿಯವರ ಸ್ವತ್ತಾಗಿಯೇ ಉಳಿಯಿತು.

ಉಳಿದವರ ಪಾಲಿಗೆ ಬಂದುದು 1908ರ ಕಾಮನ್‌ವೆಲ್ತ್, ಎಂದರೆ ಕೇಂದ್ರ ಸರಕಾರದ, ಕಾನೂನು. ಅದರ ಅನ್ವಯ 1910ರ ಡಿಸೆಂಬರಿನಿಂದ, ಅಪಘಾತದಿಂದಲೋ ರೋಗದಿಂದಲೋ ದುಡಿಮೆಗೆ ಶಾಶ್ವತವಾಗಿ ಅಶಕ್ತನಾದವನಿಗೆ ವರ್ಷಕ್ಕೆ ಹೆಚ್ಚೆಂದರೆ 26 ಪೌಂಡು, ಎಂದರೆ ವಾರಕ್ಕೆ ಹತ್ತು ಷಿಲಿಂಗು, ದೊರೆಯತೊಡಗಿತು. 1940ರ ದಶಕದಲ್ಲಿ ಈ ಅಶಕ್ತತೆಯು ನೂರಕ್ಕೆ 85ಕ್ಕೆ ಕಡಮೆಯಿರಬಾರದೆಂದು ಗಣಿತವನ್ನೂ ಸೇರಿಸಿದರು. ಆ ಕಾಲದ ಶಾಸನಕರ್ತರ ಕಣ್ಣಮುಂದೆ ನಿಂತಿದ್ದವನು ಗಣಿಯಲ್ಲಿ ಕಾಲು ಮುರಿದವನು, ಮರದ ಕಾರಖಾನೆಯಲ್ಲಿ ಕೈ ಕಳೆದುಕೊಂಡವನು. ಹೋದ ಕೈ ಮತ್ತೆ ಬರುವುದಿಲ್ಲವಷ್ಟೆ, ಆದುದರಿಂದ ಶಾಶ್ವತವೆಂಬ ನಿಬಂಧನೆಯು ಅವರಿಗೆ ಕ್ರೂರವಾಗಿ ತೋರಲಿಲ್ಲ.

ಈ ಔದಾರ್ಯಕ್ಕೆ ಮೈಬಣ್ಣದ ಎಲ್ಲೆಯೂ ಇತ್ತೆಂಬುದನ್ನು ನಾವು ಮರೆಯಬಾರದು. ಆಸ್ಟ್ರೇಲಿಯಾದಲ್ಲಿಯೇ ಹುಟ್ಟಿದವರ ಹೊರತು ಉಳಿದ ಏಷ್ಯಾದವರಿಗೂ, ಆ ನೆಲದ ಮೂಲನಿವಾಸಿಗಳಿಗೂ ಕಾನೂನು ಬಾಗಿಲು ಮುಚ್ಚಿತ್ತು. ನಮ್ಮ ಡಿ.ವಿ. ಗುಂಡಪ್ಪನವರ ಗೌರವಕ್ಕೆ ಪಾತ್ರರಾಗಿದ್ದ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು 1922ರಲ್ಲಿ ಆ ಖಂಡವನ್ನು ಸಂಚರಿಸಿ, ಅಲ್ಲಿ ನ್ಯಾಯವಾಗಿ ನೆಲೆಸಿದ ಭಾರತೀಯರ ಹಕ್ಕುಗಳಿಗಾಗಿ ತಮ್ಮ ಪ್ರಸಿದ್ಧವಾದ ಇಂಗ್ಲಿಷ್ ವಾಗ್ಮಿತೆಯಿಂದ ವಾದಿಸಿದರು. 1925ರಲ್ಲಿ ಬ್ರಿಟಿಷ್ ಇಂಡಿಯಾದವರಿಗೆ ಮತಾಧಿಕಾರವೂ, 1926ರಲ್ಲಿ ವೃದ್ಧಾಪ್ಯ ಹಾಗೂ ಅಶಕ್ತವೇತನದ ಅರ್ಹತೆಯೂ ಲಭಿಸಿದುವು. ಆ ದೇಶದ ಆದಿಪುತ್ರರು ಮಾತ್ರ ಕಾನೂನಿನಲ್ಲಿ ತಮ್ಮನ್ನು ಬೇರ್ಪಡಿಸಿದ್ದ ಕಡೆಯ ಮಾತು ಅಳಿಯುವುದಕ್ಕೆ 1966ರವರೆಗೆ ಕಾಯಬೇಕಾಯಿತು.

1922ರಲ್ಲಿ ಕೇಂದ್ರ ಸರಕಾರಿ ನೌಕರರಿಗೆ ನಿವೃತ್ತಿನಿಧಿಯ ಕಾನೂನು ಬಂದಾಗ ಅದರಲ್ಲಿ ಅಶಕ್ತನಾಗಿ ಕೆಲಸ ಬಿಡುವವನ ವೇತನವೂ ಅಡಕವಾಗಿತ್ತು. ಕೈಕೆಲಸದವರಿಗೆ ಅಂಥದೊಂದು ಭಾಗ್ಯ ದೊರೆತುದು ಕಾರ್ಮಿಕಸಂಘಗಳ ಪ್ರಯತ್ನದಿಂದ. ಉಗ್ರಾಣದ ಕೆಲಸಗಾರರ ಸಂಘವು 1978ರಲ್ಲಿ ತನ್ನದೇ ನಿಧಿಯನ್ನು ಸ್ಥಾಪಿಸಿತು. ಕಟ್ಟಡ ಕಾರ್ಮಿಕರು 1984ರಲ್ಲಿ ತಮ್ಮದನ್ನು ಕಟ್ಟಿಕೊಂಡರು. 1986ರ ರಾಷ್ಟ್ರೀಯ ವೇತನಪ್ರಕರಣದಲ್ಲಿ ಮಧ್ಯಸ್ಥಿಕೆ ಆಯೋಗವು ಸಂಬಳದ ನೂರಕ್ಕೆ ಮೂರರಷ್ಟನ್ನು ನಿಧಿಗೆ ಸಲ್ಲಿಸುವ ಒಪ್ಪಂದಗಳಿಗೆ ಸಮ್ಮತಿಯಿತ್ತಿತು. ಸಂಘಗಳ ಪರವಾಗಿ ಬಿಲ್ ಕೆಲ್ಟಿ, ಸರಕಾರದ ಪರವಾಗಿ ಅರ್ಥಮಂತ್ರಿ ಪಾಲ್ ಕೀಟಿಂಗ್ ಹೊಸೆದ ಈ ಹಗ್ಗವೇ 1992ರ ಜುಲೈ 1ರಿಂದ ಎಲ್ಲ ಯಜಮಾನರನ್ನೂ ಬಿಗಿಯುವ ಶಾಸನವಾಯಿತು. 2025ರ ಜುಲೈಗೆ ಅದರ ಪ್ರಮಾಣ ನೂರಕ್ಕೆ 12ಕ್ಕೆ ಏರಿತು. ನಿಧಿಗಳು ಸಹಸ್ರಾರು ಸದಸ್ಯರ ಪರವಾಗಿ ವಿಮೆಯನ್ನು ಒಟ್ಟಾಗಿ ಕೊಂಡುದರಿಂದ, ವೈದ್ಯಪರೀಕ್ಷೆಯಿಲ್ಲದೆ, ಅಲ್ಪವಾದ ಕಂತಿಗೆ, ಚಾವಣಿ ಹಾಕುವವನಿಗೂ ದಾದಿಗೂ ಮರಣ ಮತ್ತು ಅಸಾಮರ್ಥ್ಯದ ರಕ್ಷಣೆ ದೊರೆಯಿತು. ಈ ಶತಮಾನದ ಎರಡನೆಯ ದಶಕದಲ್ಲಿ ‘ಮೈಸೂಪರ್’ ಎಂಬ ಸಾಮಾನ್ಯ ಖಾತೆಗಳಿಗೆ ಇದನ್ನು ಕಡ್ಡಾಯವೇ ಮಾಡಲಾಯಿತು. ಬೇಡವೆನ್ನುವವನು ತಾನಾಗಿ ಬೇಡವೆನ್ನಬೇಕಿತ್ತು. ಇದು ದೊಡ್ಡ ಸಾಧನೆಯೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೆ ಪಾಲಿಸಿಯ ಅಕ್ಷರಗಳಲ್ಲಿ ಹಳೆಯ ಅಳತೆಗೋಲು ಹಾಗೆಯೇ ಕುಳಿತಿತ್ತು. ಎರಡು ಅವಯವಗಳೋ ಎರಡು ಕಣ್ಣುಗಳೋ ನಷ್ಟವಾದರೆ ಮರುಮಾತಿಲ್ಲ. ಇತರರು, ಸಾಮಾನ್ಯವಾಗಿ ಮೂರೋ ಆರೋ ತಿಂಗಳು ಕೆಲಸದಿಂದ ದೂರವಿದ್ದು, ತಮ್ಮ ವಿದ್ಯೆಗೂ ತರಬೇತಿಗೂ ಅನುಭವಕ್ಕೂ ಒಪ್ಪುವ ಯಾವ ಉದ್ಯೋಗವನ್ನೂ ಇನ್ನೆಂದಿಗೂ ಮಾಡಲಾರರೆಂದು ತೋರಿಸಿಕೊಡಬೇಕು. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ದಾದಿಯೊಬ್ಬಳನ್ನು ಭಾವಿಸಿಕೊಳ್ಳಿ. ಗೆಡ್ಡೆ ಹೋಗಿದೆ; ಕಂಕುಳಿನ ಗ್ರಂಥಿಗಳನ್ನು ತೆಗೆದುದರಿಂದ ತೋಳು ಬಾತುಕೊಂಡು ರೋಗಿಯನ್ನು ಮಗ್ಗುಲು ಹೊರಳಿಸುವುದೂ ಅಸಾಧ್ಯವಾಗಿದೆ; ಔಷಧದ ದೆಸೆಯಿಂದ ಮಧ್ಯಾಹ್ನದ ಹೊತ್ತಿಗೆ ಮೈ ಸೋತು ಮನಸ್ಸು ಮಂಕಾಗುತ್ತದೆ. ಅರ್ಜಿಯಲ್ಲಿ ಆಕೆ ಕಡೆಯದಾಗಿ ದುಡಿದ ದಿನಾಂಕವನ್ನು ಬರೆಯಬೇಕು, ಓದಿದ ತರಗತಿಗಳನ್ನೂ ಹಿಂದೆ ಮಾಡಿದ ಎಲ್ಲ ಕೆಲಸಗಳನ್ನೂ ಕಾಲಾನುಕ್ರಮವಾಗಿ ಬರೆಯಬೇಕು. ಯಜಮಾನನ ಹೇಳಿಕೆಯೂ ವೈದ್ಯರ ವರದಿಗಳೂ ಬೇರೆ. ವೈದ್ಯನು ಸದ್ಭಾವದಿಂದ ‘ಚಿಕಿತ್ಸೆ ಫಲಿಸಿದೆ’ ಎಂದು ಬರೆದ ವಾಕ್ಯವೇ ವಿಮಾಸಂಸ್ಥೆಯ ಕೈಯಲ್ಲಿ ಆಕೆಗೆ ಪ್ರತಿಸಾಕ್ಷಿಯಾಗಬಹುದು. ಇಪ್ಪತ್ತು ವರ್ಷಗಳ ಹಿಂದೆ ಔಷಧಾಲಯವೊಂದರಲ್ಲಿ ಲೆಕ್ಕ ಬರೆದಿದ್ದಳೆಂಬ ಒಂದು ಸಾಲಿನಿಂದ, ಕುಳಿತು ಮಾಡುವ ಉದ್ಯೋಗಕ್ಕೆ ಅರ್ಹಳೆಂಬ ತರ್ಕ ಹೊರಡಬಹುದು. ಮಾಸಿದ ಗಾಯ, ಮರಳಬಹುದಾದ ಗೆಡ್ಡೆ, ಇಂದು ಸ್ವಲ್ಪ ಲೇಸು ನಾಳೆ ಇಲ್ಲ ಎಂಬ ದೇಹಸ್ಥಿತಿ, ಇವು ಗಣಿಯ ಮುರಿದ ಕಾಲಿನಂತೆ ಒಂದೇ ನೋಟಕ್ಕೆ ಸಾಕ್ಷ್ಯ ನುಡಿಯುವಂಥವಲ್ಲ.

ನ್ಯಾಯಾಲಯಗಳು ಈ ಬಿಗಿಯನ್ನು ಕೊಂಚ ಸಡಿಲಿಸಿದುವು. 2010ರಲ್ಲಿ ಅಲ್ಲಿಯ ಹೈಕೋರ್ಟು, ಅದು ಆ ದೇಶದ ಪರಮೋಚ್ಚ ನ್ಯಾಯಾಲಯ, ನಿಧಿಯ ಪಾಲಕರು ಸದಸ್ಯನ ಅರ್ಜಿಯನ್ನು ತಮ್ಮ ಇಚ್ಛೆಯ ದಾನವೆಂಬಂತೆ ಕಾಣಲಾಗದು, ಬೇಕಾದ ವಿಷಯಗಳನ್ನು ತಾವೇ ವಿಚಾರಿಸಿ ತಿಳಿದ ಬಳಿಕ ತೀರ್ಮಾನಿಸಬೇಕು ಎಂದು ವಿಧಿಸಿತು. ಇನ್ನೊಂದು ಕಡೆ ವಿಮಾಸಂಸ್ಥೆಗಳು ಕೆಲಸವಿಲ್ಲದವರಿಗೂ ಕೆಲವೇ ಗಂಟೆ ದುಡಿಯುವವರಿಗೂ ಬೇರೊಂದು ಪರೀಕ್ಷೆಯನ್ನಿಟ್ಟವು: ತಾನಾಗಿ ಉಣ್ಣಲು, ಉಡಲು, ಸ್ನಾನ ಮಾಡಲು ಬಾರದವನೇ ಅಶಕ್ತನು. ಅಸಿಕ್ ಎಂಬ ಹಣಕಾಸು ನಿಯಂತ್ರಣ ಆಯೋಗವು 2019ರಲ್ಲಿ ಪರಿಶೀಲಿಸಿದಾಗ, ಈ ಪರೀಕ್ಷೆಗೆ ಗುರಿಯಾದ ಅರ್ಜಿಗಳಲ್ಲಿ ಐದಕ್ಕೆ ಮೂರು ತಿರಸ್ಕೃತವಾಗಿದ್ದುವು. ಅಂಗಿಯ ಗುಂಡಿ ಹಾಕಿಕೊಳ್ಳಬಲ್ಲವನೆಲ್ಲ ಅನ್ನ ಸಂಪಾದಿಸಬಲ್ಲನೆಂಬ ಈ ನಿಯಮವನ್ನು ಹಿಂದಿನ ಸಹಾಯಸಂಘದ ಸೋದರನು ಕೂಡ ಒಪ್ಪುತ್ತಿರಲಿಲ್ಲವೆಂದು ನನ್ನ ಊಹೆ.

ಸಾವು ಸಮೀಪಿಸಿದವರಿಗಾಗಿ 2008ರಲ್ಲಿ ಬೇರೊಂದು ದಾರಿ ತೆರೆಯಿತು. ಇಬ್ಬರು ವೈದ್ಯರು, ಅವರಲ್ಲಿ ಒಬ್ಬರಾದರೂ ಆ ರೋಗದ ತಜ್ಞರು, ರೋಗಿಯು 12 ತಿಂಗಳೊಳಗೆ ತೀರಿಹೋಗುವ ಸಂಭವವಿದೆಯೆಂದು ದೃಢೀಕರಿಸಿದರೆ, ಕೂಡಿಟ್ಟ ಹಣವನ್ನು ವಯಸ್ಸಿನ ನಿರ್ಬಂಧವಿಲ್ಲದೆ ಹಿಂತೆಗೆಯಬಹುದಾಯಿತು. 2015ರಲ್ಲಿ ಈ ಅವಧಿಯನ್ನು 24 ತಿಂಗಳಿಗೆ ಹಿಗ್ಗಿಸಲಾಯಿತು. ಕಾನೂನು ಹಿಗ್ಗಿದರೂ, ಇಂಥ ರೋಗಿಗೆ ಮರಣವಿಮೆಯ ಹಣವನ್ನು ಮುಂಚಿತವಾಗಿ ಕೊಡುವ ಅನೇಕ ವಿಮಾಪತ್ರಗಳು ಹನ್ನೆರಡು ತಿಂಗಳಲ್ಲಿಯೇ ನಿಂತುವು. ಹೀಗಾಗಿ ಒಂದೂವರೆ ವರ್ಷದ ಆಯುಸ್ಸೆಂದು ಹೇಳಿಸಿಕೊಂಡವನು ನಿಧಿಯ ಹಣವನ್ನೆಲ್ಲ ತೆಗೆದು ಖಾತೆಯನ್ನು ಬರಿದುಮಾಡಿದರೆ, ಕಂತು ಸಲ್ಲಲು ಹಣವುಳಿಯದೆ, ಇನ್ನಾರು ತಿಂಗಳಿಗೆ ಕೈಸೇರಬಹುದಾಗಿದ್ದ ವಿಮೆಯು ಆ ಖಾತೆಯೊಡನೆ ರದ್ದಾಗುವ ಅಪಾಯವುಂಟು. ತಿಳಿದವರು ಇಂಥವರಿಗೆ ಖಾತೆಯಲ್ಲಿ ಕಂತಿಗೆ ಸಾಕಾಗುವಷ್ಟನ್ನು ಉಳಿಸಿ, ಮಿಕ್ಕುದನ್ನು ಮಾತ್ರ ತೆಗೆದುಕೊಳ್ಳಿರೆಂದು ಹೇಳುವುದು ಆ ಕಾರಣದಿಂದ.