ಬೀಗ ಮುರಿದದ್ದು ಯಾತಕ್ಕೆ?

2001ರ ಜುಲೈ 16ರಂದು ಲಾಸ್ ವೇಗಸ್‌ನಲ್ಲಿ ಡಿಮಿಟ್ರಿ ಸ್ಕ್ಲ್ಯಾರೋವ್ ಎಂಬ ರಷ್ಯದ ತರುಣ ಪ್ರೋಗ್ರಾಮರ್‌ನನ್ನು ಎಫ್‌ಬಿಐ ಬಂಧಿಸಿತು. ಪುಸ್ತಕ ಕದ್ದನೆಂಬ ಆರೋಪವೇನೂ ಅವನ ಮೇಲಿರಲಿಲ್ಲ. ಅಡೋಬಿಯ ಇ-ಪುಸ್ತಕಗಳ ಬೀಗ ತೆಗೆಯುವ ತಂತ್ರಾಂಶವನ್ನು ಮಾಸ್ಕೋದ ಎಲ್ಕಾಮ್‌ಸಾಫ್ಟ್ ಕಂಪನಿಗಾಗಿ ಬರೆದದ್ದೇ ಅವನ ಅಪರಾಧ. ರಷ್ಯದಲ್ಲಿ ಅದು ತಪ್ಪಾಗಿರಲಿಲ್ಲ. ಅಮೆರಿಕದ 1998ರ ಕಾಯ್ದೆಯ ಪ್ರಕಾರ ಅಂಥ ಸಾಧನವನ್ನು ಮಾರುವುದೇ ಅಪರಾಧ.

ಆ ತಂತ್ರಾಂಶದಿಂದ ಕಳ್ಳಪ್ರತಿ ಮಾಡಬಹುದಿತ್ತು, ನಿಜ. ಹಣ ಕೊಟ್ಟು ಕೊಂಡ ಪುಸ್ತಕವನ್ನು ಹೊಸ ಕಂಪ್ಯೂಟರಿಗೆ ಒಯ್ಯಬಹುದಿತ್ತು. ಕಣ್ಣು ಕಾಣದವರು ಅದನ್ನು ಯಂತ್ರದಿಂದ ಓದಿಸಿಕೊಳ್ಳಲೂಬಹುದಿತ್ತು. ಒಂದೇ ವಾರದಲ್ಲಿ ಅಡೋಬಿ ಹಿಂದೆ ಸರಿಯಿತು, ಸರ್ಕಾರ ಸರಿಯಲಿಲ್ಲ. ಕೊನೆಗೆ ಸ್ಕ್ಲ್ಯಾರೋವ್ ಊರಿಗೆ ಮರಳಿದ. 2002ರ ಡಿಸೆಂಬರಿನಲ್ಲಿ ಜ್ಯೂರಿ ಕಂಪನಿಯನ್ನೂ ಖುಲಾಸೆ ಮಾಡಿತು. ಕಾಯ್ದೆ ಮಾತ್ರ ಉಳಿಯಿತು.

ಪ್ರಕಾಶಕರ ಭಯ ಸುಳ್ಳಲ್ಲ. ಒಂದು ಕಡತ ಒಂದು ರಾತ್ರಿಯಲ್ಲಿ ಸಾವಿರವಾಗುತ್ತದೆ. ಸಾವಿರ ಪ್ರತಿ ಖರ್ಚಾಗಲು ವರ್ಷಗಟ್ಟಲೆ ಕಾಯುವ ಕನ್ನಡ ಲೇಖಕನಿಗೆ ವಾಟ್ಸಾಪ್‌ನಲ್ಲಿ ಹರಿದಾಡುವ ಪಿಡಿಎಫ್ ಹೊಟ್ಟೆಯ ಮೇಲಿನ ಹೊಡೆತವೇ. ಆದರೆ ಬೀಗದ ಪೆಟ್ಟು ಬೀಳುವುದು ಯಾರ ಮೇಲೆ? 2009ರ ಜುಲೈನಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಿದ ಪ್ರತಿಗಳೆಂದು ಜಾರ್ಜ್ ಆರ್ವೆಲ್‌ನ '1984' ಮತ್ತು 'ಅನಿಮಲ್ ಫಾರ್ಮ್' ಪುಸ್ತಕಗಳನ್ನು ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿತು. ಹಣ ವಾಪಸ್ ಕೊಟ್ಟಿತು, ಆಮೇಲೆ ಕ್ಷಮೆಯನ್ನೂ ಕೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿ ಮುಚ್ಚಿದಾಗ, ಉಚಿತವಾಗಿ ಪಡೆದವುಗಳೂ ಸೇರಿ, ಅಲ್ಲಿಂದ ಬಂದ ಪುಸ್ತಕಗಳು ತೆರೆಯದಾದವು. ಎರಡೂ ಕಡೆ ಪುಸ್ತಕ ಕಳೆದುಕೊಂಡವರು ಅಂಗಡಿಯಿಂದಲೇ ಪಡೆದವರೇ ಹೊರತು ಕದ್ದವರಲ್ಲ.

ಭಾರತ ತುಸು ಬೇರೆ ದಾರಿ ಹಿಡಿಯಿತು. 2012ರ ತಿದ್ದುಪಡಿಯಲ್ಲಿ ಬಂದ ಕೃತಿಸ್ವಾಮ್ಯ ಕಾಯ್ದೆಯ 65ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸುತ್ತದೆ. ಉದ್ದೇಶ ಎಂಬ ಆ ಒಂದು ಪದದಲ್ಲಿ ಕಳ್ಳನಿಗೂ ಓದುಗನಿಗೂ ಇರುವ ವ್ಯತ್ಯಾಸ ಅಡಗಿದೆ. ಅಂಗವಿಕಲರಿಗೆ ಎಟಕುವ ರೂಪದಲ್ಲಿ ಪ್ರತಿ ಮಾಡಿಕೊಳ್ಳಲೂ ಅದೇ ತಿದ್ದುಪಡಿ ಅವಕಾಶ ಕೊಟ್ಟಿತು. ಅಂಧ ಓದುಗರಿಗಾಗಿ 2013ರಲ್ಲಿ ರೂಪುಗೊಂಡ ಮರಾಕೆಶ್ ಒಪ್ಪಂದವನ್ನು ಮೊದಲು ಅನುಮೋದಿಸಿದ ದೇಶವೂ ನಮ್ಮದೇ, 2014ರಲ್ಲಿ.

ಆದರೂ ಕಾನೂನು ಕೊಟ್ಟದ್ದು ಅನುಮತಿಯನ್ನು ಮಾತ್ರ, ಕೀಲಿಕೈ ಇನ್ನೂ ಕಂಪನಿಯ ಬಳಿಯೇ ಇದೆ. ಬಾಡಿಗೆ ಮನೆ ಬದಲಿಸುವಾಗಲೆಲ್ಲ ಪುಸ್ತಕದ ಡಬ್ಬ ಹೊರಲಾರದೆ ಇ-ಪುಸ್ತಕಕ್ಕೆ ಹೊರಳಿದ ನಮ್ಮಂಥವರು, 'ಖರೀದಿಸಿ' ಎಂಬ ಗುಂಡಿ ಒತ್ತುವ ಮುನ್ನ ಕೇಳಬೇಕಾದದ್ದು ಬೆಲೆಯನ್ನಷ್ಟೇ ಅಲ್ಲ. ಅಂಗಡಿ ಮುಚ್ಚಿದ ಮರುದಿನವೂ ಈ ಪುಸ್ತಕ ನಮ್ಮದಾಗಿರುತ್ತದೆಯೇ?