ಕೀರ್ತನೆ, ಗಾಯಕವೃಂದ, ಆರ್ಗನ್: ಆಂಥಮ್ ಬೆಳೆದ ಬಗೆ

ಬೈಬಲಿನ ಹಳೆಯ ಒಡಂಬಡಿಕೆಯ 150 ಕೀರ್ತನೆಗಳು ಆಂಗ್ಲಿಕನ್ ಚರ್ಚಿನ ಆರಾಧನೆಯಲ್ಲಿ ಎರಡು ಬಗೆಯಲ್ಲಿ ಕೇಳಿಬರುತ್ತವೆ. ಆಯಾ ದಿನಕ್ಕೆ ಗೊತ್ತುಮಾಡಿದ ಕೀರ್ತನೆಯನ್ನು ಚಿಕ್ಕದೊಂದು ಧಾಟಿಗೆ ಹೊಂದಿಸಿ ವಚನ ವಚನವಾಗಿ ಹಾಡುವುದು ಒಂದು. ಆಯ್ದ ಕೀರ್ತನೆಗೆ ಸಂಯೋಜಕ ವಿಸ್ತಾರವಾಗಿ ಕಟ್ಟಿದ ಸಂಗೀತವನ್ನು ಗಾಯಕವೃಂದ ಹಾಡುವುದು ಇನ್ನೊಂದು. ಇದು ಆಂಥಮ್ ಎಂಬ ಪ್ರಕಾರಕ್ಕೆ ಸೇರುತ್ತದೆ. ಅದರ ಬೆಳವಣಿಗೆಯ ಜೊತೆಗೇ ಆರ್ಗನ್ನಿನ ಪಾತ್ರವೂ ಬದಲಾಗುತ್ತ ಬಂದಿದೆ.

1549ರ ಪ್ರಾರ್ಥನಾ ಪುಸ್ತಕದೊಂದಿಗೆ ಇಂಗ್ಲೆಂಡಿನ ಆರಾಧನೆ ಲ್ಯಾಟಿನ್ ಬಿಟ್ಟು ಇಂಗ್ಲಿಷಿಗೆ ತಿರುಗಿತು. ಹಾಡಿನ ಮಾತು ಕೇಳುವವರಿಗೆ ತಿಳಿಯಬೇಕೆಂದು ಸುಧಾರಕರು ಪಟ್ಟುಹಿಡಿದದ್ದರಿಂದ ಮೊದಲ ಆಂಥಮ್‌ಗಳು ಸರಳವಾಗಿದ್ದವು. ಆರ್ಗನ್ ನುಡಿಸಿದರೂ ಅದು ಹೆಚ್ಚಾಗಿ ಗಾಯಕರ ಸ್ವರಗಳನ್ನೇ ಹಿಂಬಾಲಿಸುತ್ತಿತ್ತು. ವಿಲಿಯಂ ಬರ್ಡ್ ಮತ್ತು ಒರ್ಲ್ಯಾಂಡೊ ಗಿಬನ್ಸ್ ಬೆಳೆಸಿದ ‘ವರ್ಸ್ ಆಂಥಮ್’ ಈ ಕಟ್ಟನ್ನು ಸಡಿಲಿಸಿತು. ಇದರಲ್ಲಿ ಒಬ್ಬಿಬ್ಬರು ಹಾಡುವ ಭಾಗಗಳೂ ಇಡೀ ವೃಂದ ಹಾಡುವ ಭಾಗಗಳೂ ಒಂದಾದ ಮೇಲೊಂದು ಬರುತ್ತವೆ. ಒಂಟಿ ದನಿಯ ಹಿಂದೆ ಆರ್ಗನ್ ತನ್ನದೇ ಎಳೆಗಳನ್ನು ನೇಯುತ್ತದೆ. 39ನೆಯ ಕೀರ್ತನೆಗೆ ಗಿಬನ್ಸ್ ಮಾಡಿದ ಸಂಯೋಜನೆ ಈ ಬಗೆಯದು.

ಅಂತರ್ಯುದ್ಧದ ನಡುವೆ, 1644ರಲ್ಲಿ, ಚರ್ಚುಗಳಿಂದ ಆರ್ಗನ್‌ಗಳನ್ನು ತೆಗೆದುಹಾಕಲು ಪಾರ್ಲಿಮೆಂಟು ಆಜ್ಞೆ ಹೊರಡಿಸಿತು. 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆ ವೃಂದಗಳನ್ನೂ ವಾದ್ಯಗಳನ್ನೂ ಹೊಸದಾಗಿ ಕಟ್ಟಬೇಕಾಯಿತು. 1679ರಿಂದ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಆರ್ಗನ್ ವಾದಕನಾಗಿದ್ದ ಹೆನ್ರಿ ಪರ್ಸೆಲ್‌ನ ಹಲವು ಆಂಥಮ್‌ಗಳಲ್ಲಿ ತಂತಿವಾದ್ಯಗಳೂ ಸೇರಿದವು. ಆಗ ಆರ್ಗನ್ ವಾದಕ ಮಂದ್ರದ ಸಾಲನ್ನು ಆಧಾರವಾಗಿಟ್ಟುಕೊಂಡು, ಮೇಲಿನ ಸ್ವರಗಳನ್ನು ಸ್ಥಳದಲ್ಲೇ ತುಂಬಿಕೊಳ್ಳುತ್ತಿದ್ದ.

ಹತ್ತೊಂಬತ್ತನೆಯ ಶತಮಾನದ ದೊಡ್ಡ ಬದಲಾವಣೆ ವಾದ್ಯದ್ದೇ. ಅಲ್ಲಿಯತನಕ ಇಂಗ್ಲಿಷ್ ಆರ್ಗನ್‌ಗಳಲ್ಲಿ ಅಪರೂಪವಾಗಿದ್ದ, ಕಾಲಿನಿಂದ ನುಡಿಸುವ ಪೆಡಲ್ ಸಾಲು ಸಾಮಾನ್ಯವಾಗತೊಡಗಿತು. ಹೆನ್ರಿ ವಿಲ್ಲಿಸ್‌ನಂಥವರು ದೊಡ್ಡ ವಾದ್ಯಗಳನ್ನು ಕಟ್ಟಿದರು. ಆಳವಾದ ಮಂದ್ರ, ಏರಿಳಿಯುವ ದನಿ, ಬಗೆಬಗೆಯ ನಾದ ಕೈಗೆಟುಕಿದಾಗ ಬರವಣಿಗೆಯೂ ಬದಲಾಯಿತು. 55ನೆಯ ಕೀರ್ತನೆಯನ್ನು ಆಧರಿಸಿ ಮೆಂಡೆಲ್‌ಸನ್ 1844ರಲ್ಲಿ ರಚಿಸಿದ ‘ಹಿಯರ್ ಮೈ ಪ್ರೇಯರ್’ ಒಂದು ಸೊಪ್ರಾನೊ ದನಿ, ವೃಂದ ಮತ್ತು ಆರ್ಗನ್ನಿಗಾಗಿ ಬರೆದದ್ದು. ಹ್ಯೂಬರ್ಟ್ ಪ್ಯಾರಿಯ ‘ಐ ವಾಸ್ ಗ್ಲಾಡ್’ 122ನೆಯ ಕೀರ್ತನೆಯ ಸಂಯೋಜನೆ. 1902ರಲ್ಲಿ ಏಳನೆಯ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕೆಂದು ಹುಟ್ಟಿದ ಅದನ್ನು ಇಂದು ಕೆಥೆಡ್ರಲ್‌ಗಳಲ್ಲಿ ಆರ್ಗನ್ ಒಂದರೊಂದಿಗೇ ಹಾಡುವುದುಂಟು.

ಇಪ್ಪತ್ತನೆಯ ಶತಮಾನದಲ್ಲಿ ಆರ್ಗನ್ ಕೀರ್ತನೆಯ ಭಾವಕ್ಕೆ ಸ್ವತಂತ್ರ ದನಿಯಾಯಿತು. ಅಮೆರಿಕದ ಚಾರ್ಲ್ಸ್ ಐವ್ಸ್ 90ನೆಯ ಕೀರ್ತನೆಯ ಉದ್ದಕ್ಕೂ ಪೆಡಲಿನಲ್ಲಿ ಒಂದೇ ಸ್ವರವನ್ನು ಶ್ರುತಿಯಂತೆ ಹಿಡಿಸಿದ. 42ನೆಯ ಕೀರ್ತನೆಗೆ ಹರ್ಬರ್ಟ್ ಹೊವೆಲ್ಸ್ 1941ರಲ್ಲಿ ಮಾಡಿದ ಸಂಯೋಜನೆಯಲ್ಲಿ ವಾದ್ಯ ವೃಂದದ ಹಂಬಲವನ್ನು ಹಂಚಿಕೊಳ್ಳುತ್ತದೆ. ಚಿಚೆಸ್ಟರ್ ಕೆಥೆಡ್ರಲ್‌ನ ಡೀನ್ ವಾಲ್ಟರ್ ಹಸ್ಸಿಯ ಕೋರಿಕೆಯಂತೆ ಲೆನರ್ಡ್ ಬರ್ನ್‌ಸ್ಟೈನ್ 1965ರಲ್ಲಿ ‘ಚಿಚೆಸ್ಟರ್ ಸಾಮ್ಸ್’ ರಚಿಸಿದ. ಹೀಬ್ರೂ ಪಠ್ಯದ ಈ ಕೃತಿ ಮೊದಲು ಆರ್ಕೆಸ್ಟ್ರಾಕ್ಕಾಗಿ ಬಂದಿತು. ಬರ್ನ್‌ಸ್ಟೈನ್‌ನೇ ಮಾಡಿದ ಚಿಕ್ಕ ಆವೃತ್ತಿಯಲ್ಲಿ ಹಾರ್ಪ್ ಮತ್ತು ತಾಳವಾದ್ಯಗಳ ಜೊತೆ ಸೇರಿ ಆರ್ಗನ್ನೇ ಆರ್ಕೆಸ್ಟ್ರಾದ ಕೆಲಸವನ್ನು ವಹಿಸಿಕೊಳ್ಳುತ್ತದೆ.