ಸಿಂಹಾಸನದ ಪಕ್ಕದ ಸಂನ್ಯಾಸಿ

ಹೊಸಪೇಟೆಯಿಂದ ಹಂಪೆಗೆ ಹೋದವರು ವಿರೂಪಾಕ್ಷನ ದರ್ಶನ ಮಾಡಿ, ವಿಠ್ಠಲನ ಗುಡಿಯ ಕಲ್ಲಿನ ರಥ ನೋಡಿ ಹಿಂದಿರುಗುವುದೇ ಹೆಚ್ಚು. ನಾನು ಹೋದಾಗಲೆಲ್ಲ ಚಕ್ರತೀರ್ಥದ ಬಳಿ ಕೋದಂಡರಾಮನ ಗುಡಿಯನ್ನು ದಾಟಿ ಬಂಡೆ ಹತ್ತುವುದುಂಟು. ಅಲ್ಲಿರುವ ಹನುಮಂತ ಲಂಕೆಗೆ ಹಾರುವ ವೀರನಲ್ಲ. ಷಟ್ಕೋಣ ಯಂತ್ರದ ನಡುವೆ ಧ್ಯಾನಕ್ಕೆ ಕುಳಿತ ಯೋಗಿ. ಬಂಡೆಯ ಮೇಲೆ ಇದ್ದಿಲಿನಿಂದ ಬರೆದ ಚಿತ್ರ ದಿನವೂ ಜೀವತಳೆದು ಹಾರಿಹೋಗುತ್ತಿತ್ತಂತೆ. ಕಡೆಗೆ ಅದನ್ನು ಯಂತ್ರದಲ್ಲಿ ನಿಲ್ಲಿಸಿದವರು ವ್ಯಾಸರಾಯರು ಎಂಬುದು ಐತಿಹ್ಯ.

ವ್ಯಾಸರಾಯರು ಬನ್ನೂರಿನವರು. ಬ್ರಹ್ಮಣ್ಯತೀರ್ಥರಿಂದ ಸಂನ್ಯಾಸ, ಮುಳಬಾಗಿಲಿನ ಶ್ರೀಪಾದರಾಜರಲ್ಲಿ ಶಾಸ್ತ್ರಾಭ್ಯಾಸ, ಚಂದ್ರಗಿರಿಯಲ್ಲಿ ಸಾಳುವ ನರಸಿಂಹನ ಆಶ್ರಯ, ಅನಂತರ ಹಂಪೆ. ಅವರ ‘ನ್ಯಾಯಾಮೃತ’ ಎಂಥ ಗ್ರಂಥವೆಂದರೆ, ಅದಕ್ಕೆ ಉತ್ತರ ಕೊಡಲು ಉತ್ತರದೇಶದ ಮಧುಸೂದನ ಸರಸ್ವತಿಯಂಥ ಪಂಡಿತರೇ ‘ಅದ್ವೈತಸಿದ್ಧಿ’ ಬರೆಯಬೇಕಾಯಿತು.

ಯುರೋಪಿನ ಚರಿತ್ರೆ ಓದುವಾಗ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ನನಗೆ ಇವರನ್ನು ನೆನಪಿಸುತ್ತಾರೆ. ಅವರೂ ತಾರ್ಕಿಕರು, ಅವರೂ ಸಂತರು. ಆದರೆ ರಾಜರೊಡನೆ ಜಗಳವಾಡಿ ಎರಡು ಸಲ ದೇಶ ಬಿಟ್ಟುಹೋಗಬೇಕಾಯಿತು. ನಮ್ಮಲ್ಲಿ ಕಥೆ ಬೇರೆ. ಕುಹಯೋಗದ ಗಂಡಾಂತರ ಬಂದಾಗ ಕೃಷ್ಣದೇವರಾಯ ತನ್ನ ಸಿಂಹಾಸನದಲ್ಲಿ ಗುರುವನ್ನೇ ಕೂರಿಸಿದನೆಂದೂ, ಯತಿಗಳ ಕಾವಿಬಟ್ಟೆ ಆ ಕೇಡನ್ನು ಸುಟ್ಟಿತೆಂದೂ ನಮ್ಮ ಅಜ್ಜಿಯರು ಹೇಳುತ್ತಿದ್ದರು. ಕಥೆ ಚೆನ್ನಾಗಿದೆ, ಆದರೆ ಸಮಕಾಲೀನನಾದ ಸೋಮನಾಥ ಕವಿ ತನ್ನ ಸಂಸ್ಕೃತ ಚಂಪೂಕಾವ್ಯ ‘ವ್ಯಾಸಯೋಗಿಚರಿತ’ದಲ್ಲಿ ವರ್ಣಿಸುವುದು ರಾಜನು ಗುರುವಿಗೆ ಮಾಡಿದ ರತ್ನಾಭಿಷೇಕವನ್ನು. ಈ ಕಾವ್ಯವನ್ನು ಬಿ. ವೆಂಕೋಬರಾಯರು 1926ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಪೋರ್ಚುಗೀಸ್ ವರ್ತಕ ನೂನಿಜ್, ದೊರೆ ದಿನವೂ ಒಬ್ಬ ಬ್ರಹ್ಮಚಾರಿ ವಿದ್ವಾಂಸನ ಉಪದೇಶ ಕೇಳುತ್ತಾನೆಂದು ಬರೆದಿದ್ದಾನೆ. ಆತ ವ್ಯಾಸರಾಯರೇ ಇರಬೇಕೆಂದು ಹಲವರ ಊಹೆ.

ಸಿಂಹಾಸನಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಕೆರೆ. ರಾಯನು ದತ್ತಿಯಾಗಿ ಕೊಟ್ಟ ಬೆಟ್ಟಕೊಂಡದಲ್ಲಿ ಅವರ ಹೆಸರಿನ ವ್ಯಾಸಸಮುದ್ರವಿದೆ. ಬಂದ ದಾನ ನೀರಾಗಿ ಹೊಲಕ್ಕೆ ಹರಿದರೆ ಅದಕ್ಕೆ ರತ್ನದ ಹೊಳಪು ಬೇಕಿಲ್ಲ.

ಇನ್ನೊಂದು ಮಾತು. ಸಂಸ್ಕೃತದಲ್ಲಿ ತರ್ಕದ ಕೋಟೆ ಕಟ್ಟಿದ ಈ ಪೀಠಾಧಿಪತಿ ಕನ್ನಡದಲ್ಲಿ ಕೃಷ್ಣನನ್ನು ಕರೆದು ಹಾಡಿದರು. ಪುರಂದರದಾಸರು ಅವರ ಶಿಷ್ಯರು. ಕುರುಬರ ಕನಕದಾಸರನ್ನು ಹತ್ತಿರ ಕೂರಿಸಿಕೊಂಡದ್ದಕ್ಕೆ ಮಠದ ಪಂಡಿತರು ಮುಖ ಗಂಟಿಕ್ಕಿದರೆಂದು ಹೇಳಿಕೆ. ಆನ್ಸೆಲ್ಮ್‌ನನ್ನು ಸಂತನೆಂದು ಚರ್ಚು ಒಪ್ಪಿತು. ಇವರನ್ನು ಒಪ್ಪಿದ್ದು ತಂಬೂರಿ ಹಿಡಿದವರು.

1539ರಲ್ಲಿ, ಅಚ್ಯುತರಾಯನ ಕಾಲದಲ್ಲಿ, ವ್ಯಾಸರಾಯರು ದೇಹಬಿಟ್ಟರು. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ ಒಂಬತ್ತು ಯತಿಗಳ ಬೃಂದಾವನಗಳಿವೆ; ನಡುವಿನದು ಅವರದು. 2019ರ ಜುಲೈನಲ್ಲಿ ನಿಧಿಯಾಸೆಯ ಕಳ್ಳರು ರಾತ್ರಿ ಅದನ್ನು ಕೆಡವಿ ಅಗೆದರು. ರತ್ನಾಭಿಷೇಕದ ಕಥೆ ಅವರ ಕಿವಿಗೂ ಬಿದ್ದಿತ್ತೋ ಏನೋ! ಸುದ್ದಿ ಹರಡಿದೊಡನೆ ಬೇರೆ ಬೇರೆ ಮಠಗಳವರು, ಭಕ್ತರು ಸೇರಿ, ಚದುರಿದ ಕಲ್ಲುಗಳನ್ನು ಹೊತ್ತು, ಬೃಂದಾವನವನ್ನು ಮತ್ತೆ ಕಟ್ಟಿ ನಿಲ್ಲಿಸಿದರು.